ಪಂಪಣ್ಣನ ಗಿಡ

ಹೊಳೆ ತಿರುಗಿ ಬಂದ ನೂರ ಹದಿನಾಲ್ಕನೆಯ ವರ್ಷ, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ಪಂಪಣ್ಣ ಮುತ್ಯಾ ಅವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಹದಿಮೂರನೆಯ ತಿಂಗಳನ್ನು ನಾವೇ ಸೇರಿಸಿಕೊಂಡೆವು. ನಿಮ್ಮ ಕಾಲದವರು ತೋಡಿಕೊಂಡು ಹೋದದ್ದನ್ನು ಹೊತ್ತು ತಂದು ಹಾಕಲು ಹನ್ನೆರಡು ತಿಂಗಳು ಸಾಲಲಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅಪರಿಚಿತವೆನಿಸಿದರೆ ಕ್ಷಮಿಸಿ. ಈ ಪತ್ರದಲ್ಲಿ ಕ್ಷಮೆ ಎಂಬ ಪದ ನನ್ನ ಕಡೆಯಿಂದ ಬರುವುದು ಇದೊಂದೇ ಸಲ.

ನಾನು ನೀಲಮ್ಮ, ನಿಮ್ಮಿಂದ ಆರನೆಯ ತಲೆಮಾರಿನವಳು. ನೀವು ಮರಳುಗುಂಡಿಯ ತಪಾಸಣೆಗೆ ಬಂದ ದಿನ, ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಪೆನ್ನು ತೆಗೆಯುವ ಹೊತ್ತಿಗೆ ಇದು ನಿಮ್ಮ ಕೈ ಸೇರಲಿ ಎಂದು ಬರೆಯುತ್ತಿದ್ದೇನೆ.

ನಮ್ಮೂರು ಅದೇ ಹೊಳೆದಂಡೆಯ ಮೇಲಿದೆ. ಮರಳು ತೆಗೆದು ಬಿಟ್ಟ ಪ್ರತಿ ಗುಂಡಿಗೂ ಇಲ್ಲಿ ಒಬ್ಬ ಮನುಷ್ಯನ ಹೆಸರಿದೆ. ‘ಮುಚ್ಚಿದೆ’ ಎಂದು ಸಹಿ ಹಾಕಿದವನ ಹೆಸರು. ಹೆಸರುಗುಂಡಿ ಎನ್ನುತ್ತೇವೆ. ಅಂಚಿನಲ್ಲೊಂದು ಕಲ್ಲು ನಿಲ್ಲಿಸಿ ಆ ಹೆಸರು ಕೊರೆದಿರುತ್ತಾರೆ. ಸಹಿ ಹಾಕಿದವನ ವಂಶದವರು ಎಲ್ಲಿದ್ದರೂ ಹದಿಮೂರನೆಯ ತಿಂಗಳಲ್ಲಿ ಬಂದು ಮರಳೂಟ ಮಾಡಬೇಕು. ಅಂದರೆ, ಹಳೆಯ ಅಣೆಕಟ್ಟಿನ ಹಿಂದೆ ಕೂತ ಮರಳನ್ನು ಬಂಡಿಗಳು ದಂಡೆಗೆ ತಂದು ಸುರಿದರೆ, ಅಲ್ಲಿಂದ ತಲೆಯ ಮೇಲೆ ಪುಟ್ಟಿ ಹೊತ್ತು ಗುಂಡಿಗೆ ಇಳಿಸುವುದು. ನೀರು ಇನ್ನೂ ಸಾಲದು, ನಮ್ಮ ಸ್ನಾನ ಸೋಮವಾರಕ್ಕೊಮ್ಮೆ. ಮುಖ ತೊಳೆದ ನೀರು ಬೇವಿನ ಬುಡಕ್ಕೆ ಹೋಗುತ್ತದೆ. ಸಂಜೆ ಪುಟ್ಟಿ ಇಳಿಸಿದ ಮೇಲೆ ಗುಂಡಿಯ ಮರಳಿನಲ್ಲಿ ಮೊಳದುದ್ದ ವರತೆ ತೋಡಿ ನೋಡುತ್ತೇವೆ. ತಿಳಿನೀರು ಜಿನುಗಿದರೆ ನೆಲ ವಾಸಿಯಾಯಿತೆಂದು ಲೆಕ್ಕ. ನನ್ನ ಅವ್ವ ನಲವತ್ತು ವರ್ಷ ಹೊತ್ತಳು, ಒಣಗಿದ ವರತೆಯನ್ನೇ ನೋಡಿ ಸತ್ತಳು. ನಾನು ಹೊತ್ತದ್ದು ಮೂವತ್ತೊಂದು ವರ್ಷ.

ನಿಮಗೆ ನಿಯಮ ಗೊತ್ತಿರಲಿಲ್ಲ ಎನ್ನುವಂತಿಲ್ಲ. ನಿಮ್ಮ ಕಾಗದವನ್ನು ನಾನು ಓದಿದ್ದೇನೆ. ಎರಡು ಆಳೆತ್ತರಕ್ಕಿಂತ ಆಳ ತೋಡಬಾರದು, ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ ಕೊನೆಗೆ ಮತ್ತೆ ಹರಡಬೇಕು, ಅಂಚು ಇಳಿಜಾರಾಗಿರಬೇಕು, ಗಿಡ ನೆಡಬೇಕು, ಅಲ್ಲಿಯವರೆಗೆ ಸುತ್ತ ಬೇಲಿ ಇರಬೇಕು. ಅದನ್ನು ಬರೆದವರು ಯಾರೋ ಹೊಳೆಯನ್ನು ಬಲ್ಲವರು. ಕೆಳಗೆ ನೀವು ಬರೆದದ್ದು: ‘ಗುಂಡಿ ಮುಚ್ಚಿ ಸಮತಟ್ಟು ಮಾಡಲಾಗಿದೆ. ಮುನ್ನೂರು ಹೊಂಗೆ ಸಸಿ ನೆಡಲಾಗಿದೆ.’

ಜೊತೆಗೊಂದು ಫೋಟೊ. ಗುತ್ತಿಗೆದಾರನ ಆಳುಗಳು ಬೆಳಿಗ್ಗೆ ಕಡಿದು ತಂದ ಹೊಂಗೆ ಕೊಂಬೆಗಳನ್ನು ನೆಲಕ್ಕೆ ಚುಚ್ಚಿದ್ದಾರೆ. ನಾಲ್ಕಾಳು ಆಳದ ಗುಂಡಿ ಕ್ಯಾಮೆರಾದ ಬೆನ್ನಿಗಿದೆ. ಮುಂಭಾಗದ ಕೊಂಬೆ ವಾಲುತ್ತಿತ್ತೆಂದು ಆಡು ಕಾಯುತ್ತಿದ್ದ ಒಂಬತ್ತು ವರ್ಷದ ಹುಲಿಗೆಮ್ಮನನ್ನು ಕರೆದು ಹಿಡಿಸಿದರು. ಫೋಟೊದಲ್ಲಿ ಅವಳು ನಗುತ್ತಿದ್ದಾಳೆ. ಆ ಮಳೆಗಾಲದಲ್ಲಿ ಹೊಸ ನೀರು ತುಂಬಿದಾಗ, ಜಾರಿದ ಆಡುಮರಿಯ ಹಿಂದೆ ಅದೇ ಗುಂಡಿಗೆ ಇಳಿದಳು. ಅಂಚು ಗೋಡೆಯಂತಿತ್ತು, ಹತ್ತಿ ಬರಲಾಗಲಿಲ್ಲ. ನಿಮ್ಮ ಕಾಗದದ ಪ್ರಕಾರ ಅಲ್ಲಿ ಗುಂಡಿಯೇ ಇರಲಿಲ್ಲವಲ್ಲ, ಆದ್ದರಿಂದ ಅವಳು ಹೊಳೆಯ ಸೆಳವಿನಲ್ಲಿ ಸತ್ತಳೆಂದು ಬರೆದರು. ಅವಳ ತಾಯಿ ನಿಮ್ಮ ಜೀಪಿಗೆ ಅಡ್ಡ ನಿಂತು ಕೇಳಿದ ಮಾತು ನಮ್ಮೂರಲ್ಲಿ ಎಲ್ಲರಿಗೂ ಬಾಯಿಪಾಠ: “ಇಲ್ಲದ ಗುಂಡ್ಯಾಗ ನನ್ನ ಮಗಳು ಹ್ಯಾಂಗ ಮುಳುಗಿದ್ಲು, ಸಾಹೇಬ್ರ?”

ಅದಕ್ಕೆ ಉತ್ತರ ಊರು ಕೊಟ್ಟಿತು. ಬೇರಿಲ್ಲದ ಯಾವುದಕ್ಕೂ ಇಲ್ಲಿ ‘ಪಂಪಣ್ಣನ ಗಿಡ’ ಎನ್ನುತ್ತಾರೆ. ಸುಳ್ಳು ಹೇಳಿದ ಮಕ್ಕಳಿಗೆ, ಕೊಟ್ಟ ಮಾತು ತಪ್ಪಿದ ಗಂಡಸರಿಗೆ ಅದೇ ಹೆಸರು. ಶಾಲೆಯಲ್ಲಿ ನನ್ನನ್ನು ಕಂಡರೆ ಸಾಕು, “ಏ ನೀಲಿ, ನಿಮ್ಮ ಮುತ್ಯಾನ ಗಿಡಕ್ಕ ನೀರು ಹಾಕಿದೇನು?” ಎಂದು ಹುಡುಗಿಯರು ನಗುತ್ತಿದ್ದರು. ನಾನು ಅಳುತ್ತಿದ್ದೆ. ಈಗ ಆ ಮಾತು ಕೇಳಿದರೆ, ಊರು ಮರೆತಿಲ್ಲವೆಂದು ಹಿತವಾಗುತ್ತದೆ.

ಮೊನ್ನೆ ವರತೆಯಲ್ಲಿ ನೀರು ಬಂತು. ಮೊದಲು ಮರಳಿನ ಬಣ್ಣ ಬದಲಾಯಿತು, ಆಮೇಲೆ ನನ್ನ ಅಂಗೈ ಒದ್ದೆಯಾಯಿತು. ನೆಲ ವಾಸಿಯಾದರೆ, ಸತ್ತವರ ಮನೆಯವರು ಒಪ್ಪಿದರೆ, ಕಲ್ಲಿನ ಮೇಲಿನ ಹೆಸರು ಅಳಿಸಬಹುದೆಂಬ ಪದ್ಧತಿಯಿದೆ. ಹುಲಿಗೆಮ್ಮನ ತಮ್ಮನ ವಂಶದ ಗಾಳೆಮ್ಮ ಆಯಿ ತಾನೇ ಉಳಿ, ಸುತ್ತಿಗೆ ಹಿಡಿದು ಬಂದಳು. “ಸಾಕು ಬಿಡವಾ ನೀಲಿ. ಹೊತ್ತು ಹೊತ್ತು ನಿನ್ನ ನೆತ್ತಿ ಹಪ್ಪಳ ಆಗೇತಿ. ತಗ, ನಿಮ್ಮ ಮುತ್ಯಾನ ಹೆಸರು ಅಳಿಸು,” ಎಂದಳು.

“ನೀವು ಬಿಟ್ಟೀರಿ ಆಯಿ. ನಾ ಬಿಡಂಗಿಲ್ಲ,” ಎಂದೆ.

ಅವಳ ಮನೆಯವರು ಕಳೆದುಕೊಂಡವರು, ಅವರ ಮನಸ್ಸು ದೊಡ್ಡದಾಗಬಹುದು. ನನ್ನ ಮೈಯಲ್ಲಿ ಹರಿಯುವುದು ನಿಮ್ಮ ರಕ್ತ. ಆ ಪೆನ್ನು ಹಿಡಿದ ಬೆರಳುಗಳ ಆಕಾರವೇ ನನ್ನ ಬೆರಳಿಗೂ ಇದ್ದೀತು. ನಿಮ್ಮನ್ನು ಬಿಟ್ಟುಕೊಡುವ ಹಕ್ಕು ನನಗೆ ಬೇಡ.

ಆದರೂ ಒಂದು ದಾರಿ ಬಿಡುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ನಿಮ್ಮ ಬೆನ್ನ ಹಿಂದೆ ಹುಲಿಗೆಮ್ಮ ಇನ್ನೂ ಕೊಂಬೆ ಹಿಡಿದು ನಿಂತಿದ್ದಾಳೆ, ಇನ್ನು ಬಿಡು ಎಂದು ಯಾರೂ ಹೇಳಿಲ್ಲ. ಹೋಗಿ ಆ ಕೊಂಬೆಯನ್ನು ಒಂದು ಸಲ ಎಳೆಯಿರಿ. ಬುಡ ಕೈಗೆ ಬರುತ್ತದೆ. ನಾಲ್ಕು ಹೆಜ್ಜೆ ನಡೆದು ಗುಂಡಿಯನ್ನು ಇಣುಕಿ ನೋಡಿ. ಸಹಿ ಹಾಕದೆ ಹಿಂದಿರುಗಿದಿರಾದರೆ, ನನ್ನೆದುರಿನ ಕಲ್ಲಿನಿಂದ ನಿಮ್ಮ ಹೆಸರು ತಾನಾಗಿ ಮಾಯವಾಗಬೇಕು.

ಅದನ್ನು ನೋಡಲೆಂದೇ ಕಲ್ಲಿನ ಮುಂದೆ ಕೂತು, ಬೆಳಗಿನಿಂದ ಬರೆಯುತ್ತಿದ್ದೇನೆ. ಬಿಸಿಲು ನೆತ್ತಿಗೆ ಬಂತು. ಮೂರಕ್ಷರವೂ ಹಾಗೇ ಇವೆ.

ಗಾಳೆಮ್ಮ ಆಯಿಯ ಉಳಿ ಇಲ್ಲೇ ಇದೆ, ಮುತ್ಯಾ. ಈ ಸಲ ನಿಮ್ಮ ಹೆಸರನ್ನು ಒಂದು ಬೆರಳು ಆಳಕ್ಕೆ ಕೊರೆಯುತ್ತೇನೆ.

ನೀಲಮ್ಮ