ಎರಡು ಡಿಗ್ರಿ

ಫೆಬ್ರವರಿ 3, 2016. ಬುಧವಾರ. ಬಿಶಾನ್. ಬೆಳಗ್ಗೆ 6.10

ಹೊರಗೆ ಇಪ್ಪತ್ತಾರು ಡಿಗ್ರಿ. ಫ್ರಿಜ್ಜಿನೊಳಗೆ ಎರಡು. ಗಾಜಿನ ಬಾಗಿಲ ಮೇಲಿನ ಹನಿ ಒರೆಸಿದೆ. ಹಿಮಬೆಟ್ಟಗಳಲ್ಲಿ ಬೆಳೆಯುವ ಸ್ಯಾಕ್ಸಿಫ್ರೇಜ್ ಗಿಡದ ನಡುವೆ ಮೊಗ್ಗು — ಸಾಸಿವೆಕಾಳಿನಷ್ಟು. ಲೆನ್ಸ್ ಹಿಡಿದು ಎಣಿಸಿದೆ. ಮೂರು. ಸ್ಕಾಟ್ಲೆಂಡಿನಿಂದ ಅಂಚೆಯಲ್ಲಿ ಬೀಜ ತರಿಸಿ ಮೂರು ವರ್ಷವಾಯಿತು. ಗಿಡ ಇನ್ನೂ ಎರಡಂಗುಲದ ದಿಂಬು. ಎಲೆಯಂಚಿಗೆ ಸುಣ್ಣ ಸವರಿದಂತೆ ಬಿಳಿ.

ಫ್ರಿಜ್ಜಿನೊಳಗಿನ ಹತ್ತು ವಾರದ ಚಳಿಗಾಲ ಮುಗಿಯಿತು. ಗುಂಡಿ ಒತ್ತಿ ಐದಕ್ಕೆ ಇಟ್ಟೆ. ಆಮೇಲೆ ಎಂಟು. ತಿಂಗಳ ಕೊನೆಗೆ ಹೂ ಬರಬೇಕು.

ಇವರು ಕಾಫಿ ಹಿಡಿದು ಬಂದರು. “ಕೋಕ್ ಇಡೋ ಫ್ರಿಜ್ಜಲ್ಲಿ ಪಾಚಿ ಸಾಕ್ತಿದೀಯಲ್ಲೇ ವತ್ಸಲಾ. ಜ್ಯೂರಿಕ್‌ನಲ್ಲಿ ಇದು ರೋಡ್ ಸೈಡಲ್ಲೇ ಇರತ್ತೆ.”

“ಅದು ನಾನು ಬೆಳೆಸಿದ್ದಲ್ವಲ್ಲ.”

ಇವರ ಕಂಪನಿ ಮೇ ತಿಂಗಳಲ್ಲಿ ಜ್ಯೂರಿಕ್‌ಗೆ ಕಳಿಸುತ್ತದೆ. ಗಿಡ ಒಯ್ಯುವುದು ಆಗದ ಮಾತು. ನವೆಂಬರಿನಲ್ಲೇ ಮಾತಾಗಿದೆ — ಇಲ್ಲಿ ಒಮ್ಮೆ ಹೂ ಬಿಡಲಿ, ಬಿಟ್ಟ ದಿನ ನಾನು ಆಫೀಸಿನಲ್ಲಿ ರಾಜೀನಾಮೆ ಕೊಡುತ್ತೇನೆ. ಬ್ಯೂನಾ ವಿಸ್ಟಾದ ಆ ಆಫೀಸಿನಲ್ಲಿ ಹನ್ನೊಂದು ವರ್ಷದ ಕೆಲಸ. ಷರತ್ತು ನನ್ನದೇ.

ಫೆಬ್ರವರಿ 5. ಸಂಜೆ 7.20

ಫ್ರಿಜ್ಜಿನ ಹೊರಗೆ ಕಾಣುವ ಅಂಕಿ ಐದು. ಒಳಗಿಟ್ಟ ಥರ್ಮಾಮೀಟರ್ ದಿನದ ಅತಿ ಕಡಿಮೆಯನ್ನು ಹಿಡಿದಿಡುತ್ತದೆ. ಅದರಲ್ಲಿ ಎರಡು. ನಿನ್ನೆಯೂ ಎರಡು. ಬೆಳಗ್ಗೆ ರೀಸೆಟ್ ಮಾಡಿಯೇ ಹೋಗಿದ್ದೆ.

ಫ್ರಿಜ್ ಸೆಕೆಂಡ್‌ಹ್ಯಾಂಡ್. ಕೆಟ್ಟಿರಬಹುದು.

ಫೆಬ್ರವರಿ 10

ಚೈನೀಸ್ ನ್ಯೂ ಇಯರ್, ಶನಿವಾರದಿಂದ ನಾಲ್ಕು ದಿನ ಎಲ್ಲರೂ ಮನೆಯಲ್ಲಿ. ನಾಲ್ಕೂ ದಿನ ಐದಕ್ಕಿಂತ ಕೆಳಗಿಳಿಯಲಿಲ್ಲ. ಇವತ್ತು ಆಫೀಸು. ಇವತ್ತು ಎರಡು.

ಕೆಟ್ಟ ಯಂತ್ರ ರಜೆ ನೋಡಿಕೊಂಡು ಸರಿಹೋಗುವುದಿಲ್ಲ.

ಮಗಳು ವರ್ಷಾಳನ್ನು ಕೇಳಿದೆ. ಹನ್ನೊಂದು ವರ್ಷದವಳು, ಶಾಲೆಯಿಂದ ನನಗಿಂತ ಮೊದಲು ಬರುತ್ತಾಳೆ.

“ನಾನ್ ಟಚ್ಚೇ ಮಾಡಿಲ್ಲ ಲಾ! ಸ್ಪಂಜ್ ತರ ಇದೆ, ಯಾರಿಗ್ ಬೇಕು ಅದು?”

ನಿಜವಿರಬೇಕು. ಬಾಗಿಲು ತೆಗೆದರೆ ಡಿಗ್ರಿ ಏರುತ್ತದೆ, ಇಳಿಯುವುದಿಲ್ಲ. ಇಳಿಯಬೇಕಾದರೆ ಗುಂಡಿ ಒತ್ತಬೇಕು. ನಾನು ಬರುವ ಮೊದಲು ಮತ್ತೆ ಒತ್ತಿ ಏರಿಸಿಡಬೇಕು. ಬೆಳಗ್ಗೆ ಕೊನೆಗೆ ಹೊರಡುವವರು ಇವರು. ನಾನು ಏಳೂಕಾಲು, ಇವರು ಒಂಬತ್ತು. ಸಂಜೆ ಆರೂಕಾಲಿಗೆ ಇವರು ಬಂದಿರುತ್ತಾರೆ. ನಾನು ಏಳು ದಾಟಿ.

ಫೆಬ್ರವರಿ 15

ಎಂಟಕ್ಕೆ ಇಟ್ಟು ಹೋದೆ. ಬಂದಾಗ ಎಂಟೇ ಇತ್ತು. ಒಳಗಿನ ಲೆಕ್ಕ ಎರಡು.

ಊಟದ ಹೊತ್ತಿಗೆ, ಸುಮ್ಮನೆ ಕೇಳಿದ ಹಾಗೆ: “ರೀ, ಮೊಗ್ಗು ಏಳ್ತಾನೇ ಇಲ್ಲ. ಫ್ರಿಜ್ ಏನಾದ್ರೂ ತೊಂದ್ರೆನಾ?”

“ಹಳೇದಲ್ವಾ. ನಿಧಾನಕ್ಕೆ ಬರ್ಲಿ ಬಿಡು. ಅರ್ಜೆಂಟ್ ಏನಿದೆ?”

ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಕೇಳುತ್ತಿದ್ದವರು — ಬಂತಾ, ಬಂತಾ, ಟಿಕೆಟ್ ಬುಕ್ ಮಾಡ್ಬೇಕು ಅಂತ. ಈಗ ಅರ್ಜೆಂಟ್ ಏನಿದೆ.

ಅನುವಾದದ ಕಾದಂಬರಿಗಳಲ್ಲಿ ಇಂಥ ವಾಕ್ಯ ಸಿಗುತ್ತದೆ. ವ್ಯಾಕರಣ ಸರಿಯಾಗಿರುತ್ತದೆ. ಆದರೂ ಮೂಲದಲ್ಲಿ ಬೇರೆ ಏನೋ ಇತ್ತು ಅನ್ನಿಸುತ್ತದೆ. ಅಂಥಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ.

ಫೆಬ್ರವರಿ 22. ಮಧ್ಯಾಹ್ನ 1.40

ಅರ್ಧ ದಿನ ರಜೆ ಹಾಕಿ ಬಂದೆ. ಯಾರಿಗೂ ಹೇಳಿಲ್ಲ. ವರ್ಷಾ ಇನ್ನೂ ಶಾಲೆಯಲ್ಲಿ.

ಅಂಕಿ — ಎರಡು.

ಬೆಳಗ್ಗೆ ಬಟ್ಟೆಯಲ್ಲಿ ಒರೆಸಿದ ಗಾಜು ಮತ್ತೆ ಮಂಜಾಗಿದೆ. ಗಿಡದ ನೇರಕ್ಕೆ ಮಾತ್ರ ಅಂಗೈ ಅಗಲದ ಗುರುತು. ಅಂಗೈಯಿಂದ ಒರೆಸಿ, ಬಗ್ಗಿ ನೋಡಿದ್ದಾರೆ.

ಕೊಲ್ಲಬೇಕೆಂದಿದ್ದರೆ ಪ್ಲಗ್ ಕೀಳಬಹುದಿತ್ತು. ಈ ಊರಿನಲ್ಲಿ ಒಂದು ದಿನ ಸಾಕು. ಹಾಗೆ ಮಾಡಿಲ್ಲ. ಸಾಯಿಸುತ್ತಿಲ್ಲ, ಅರಳಲೂ ಬಿಡುತ್ತಿಲ್ಲ. ಹೊರಡಬೇಕೆಂದು ಕುಣಿಯುತ್ತಿದ್ದವರು ಇವರೇ ಅಲ್ಲವೇ?

ಅಂಕಿ ಮುಟ್ಟಲಿಲ್ಲ. ಲೈಬ್ರರಿಗೆ ಹೋಗಿ ಕೂತು ಏಳೂಕಾಲಿಗೆ ಮನೆಗೆ ಬಂದೆ. ಎಂಟು ತೋರಿಸುತ್ತಿತ್ತು. “ಲೇಟಾಯ್ತಾ?” ಅಂದರು. “ಎಂದಿನ ಹಾಗೇ” ಅಂದೆ.

ಫೆಬ್ರವರಿ 25

ಒಂದು ಮೊಗ್ಗು ಕಂದು ಬಣ್ಣಕ್ಕೆ ತಿರುಗಿದೆ. ತೇವ, ಚಳಿ ಎರಡೂ ಜಾಸ್ತಿಯಾಗಿ. ಉಳಿದದ್ದು ಎರಡು.

ಮ್ಯಾನೇಜರ್ ಕೇಳಿದಳು — ಬಿಡುತ್ತೀಯೋ ಇರುತ್ತೀಯೋ, ಸೋಮವಾರದೊಳಗೆ ಹೇಳು, ಬೇರೆಯವರನ್ನು ನೋಡಬೇಕು.

ಮನೆಗೆ ಬಂದು ಇವರಿಗೆ ಹೇಳಿದೆ. “ಹೂವಿಗೆ ಕಾಯಲ್ಲ ರೀ. ಸೋಮವಾರ ಲೆಟರ್ ಕೊಟ್ಬಿಡ್ತೀನಿ.”

“ಬೇಡ!”

ವರ್ಷಾ ತಟ್ಟೆಯಿಂದ ತಲೆಯೆತ್ತಿ ನೋಡಿದಳು. ಇವರು ದನಿ ಇಳಿಸಿದರು. “ಅಲ್ಲ... ಮೂರ್ ವರ್ಷ ಕಾದಿದೀಯ. ನೋಡೇ ಹೋಗೋಣ ಅಂತ.”

ಸಾರು ಬಡಿಸಿಕೊಂಡರು. ಬಡಿಸಿಕೊಂಡದ್ದನ್ನು ತಿನ್ನಲಿಲ್ಲ.

ಫೆಬ್ರವರಿ 27. ಶನಿವಾರ

ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಪ್ರಭಾ ಸಿಕ್ಕಳು. ಅವಳ ಗಂಡ ಸಾಗರ್ ಇವರದೇ ಟೀಮು. ಅವರೂ ಜ್ಯೂರಿಕ್‌ಗೆ ಹೊರಡುವವರಿದ್ದರು.

“ವತ್ಸಲಾ, ನಿಮ್ಮನೆಯವ್ರು ದ್ವಾರಕನಾಥ್ ಹೇಗಿದಾರೆ ಈಗ? ನಮ್ಮನೇಲಂತೂ ಸಾಗರ್ ಒಂದ್ ತಿಂಗಳು ಮುಖ ಊದಿಸ್ಕೊಂಡಿದ್ರು. ಇಬ್ರದ್ದೂ ಜ್ಯೂರಿಕ್ ಟ್ರಾನ್ಸ್‌ಫರ್ ಒಂದೇ ಮೇಲ್‌ನಲ್ಲಿ ಕ್ಯಾನ್ಸಲ್ ಮಾಡಿದ್ರಲ್ಲ, ಅದೂ ಸಂಕ್ರಾಂತಿ ದಿನಾನೇ. ಸೂಟ್‌ಕೇಸ್ ತಂದಿಟ್ಟಿದೀನಿ ನಾನು, ಏನ್ ಮಾಡ್ಲಿ ಅದನ್ನ?”

“ಹೌದು” ಅಂದೆ. “ಇವರಿಗೂ ಬೇಜಾರೇ.”

ಟೀ ಕುಡಿದು ಮುಗಿಸಿದೆ. ಸೂಟ್‌ಕೇಸಿನ ಬಗ್ಗೆಯೇ ಇನ್ನಷ್ಟು ಮಾತಾಡಿದೆವು.

ಸಂಕ್ರಾಂತಿ ಅಂದರೆ ಜನವರಿ ಹದಿನೈದು. ಅವತ್ತು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಇವರು ಹೇಳಿದ್ದು: “ಮುಂದಿನ್ ಸಲ ಹಿಮದಲ್ಲಿ.”

ಫೆಬ್ರವರಿ 28. ಭಾನುವಾರ. ಸಂಜೆ 5

ಇವರು ವರ್ಷಾಳನ್ನು ಈಜಿಗೆ ಕರೆದೊಯ್ದಿದ್ದಾರೆ. ಮನೆಯಲ್ಲಿ ನಾನೊಬ್ಬಳೇ.

ಆರು ವಾರ. ಹೇಳಲು ಇವರಿಗೆ ಬಾಯಿ ಬರಲಿಲ್ಲ. ಹೂ ಬಿಟ್ಟು ನನ್ನ ಕೆಲಸ ಹೋಗದಂತೆಯೂ ನೋಡಿಕೊಳ್ಳಬೇಕಿತ್ತು. ದಿನಕ್ಕೆರಡು ಸಲ ಗುಂಡಿ ಒತ್ತಿದ್ದಾರೆ. ಒಂದು ಮಾತಿಗಿಂತ ಅದು ಸುಲಭವೆನಿಸಿತೇ? ನನ್ನ ಮುಖ ಅಷ್ಟು ಕಠಿಣವೇ? ಇಡೀ ತಿಂಗಳು ನಾನೂ ಕೇಳಲಿಲ್ಲ. ಕಾದು ಹಿಡಿಯಲು ನೋಡಿದೆ.

ಮೊಗ್ಗು ಇನ್ನೊಂದು ವಾರ ಈ ಚಳಿ ತಡೆಯುವುದಿಲ್ಲ.

ನಿರ್ಧಾರ ಮಾಡಿಯಾಯಿತು. ನಾಳೆ ರಾಜೀನಾಮೆ ಇಲ್ಲ. ಮ್ಯಾನೇಜರಿಗೆ ಫೋನ್ ಮಾಡಿ, ಇರುತ್ತೇನೆ ಅನ್ನುವುದು. ಏಳೂಕಾಲಿಗೆ ಹೊರಡುವುದಿಲ್ಲ. ಫ್ರಿಜ್ಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುವುದು. ಇವರು ಬರಲಿ. ಪ್ರಭಾಳ ಹೆಸರೆತ್ತುವುದಿಲ್ಲ, ಬಯ್ಯುವುದಿಲ್ಲ. ಅಂಕಿಯನ್ನು ನಾನೇ ಎರಡಕ್ಕೆ ಇಳಿಸಿಟ್ಟು, ಎಂಟಕ್ಕೆ ನೀವೇ ಇಡಿ ಅನ್ನುತ್ತೇನೆ. ಇಟ್ಟ ಮೇಲೆ, ಅವರು ಈ ಕಡೆ ತಿರುಗುವವರೆಗೂ ಎದ್ದು ಹೋಗದೆ ಅಲ್ಲೇ ಕೂತಿರುತ್ತೇನೆ.