ನಡುಗೋಡೆಯ ಆಚೆ

ಹದಿನೇಳನೇ ನಂಬರ್ ಮನೆ, ಹಿಂದಿನ ಸಾಲು
ದಿನಾಂಕ ೧೪, ಗುರುವಾರ ಸಂಜೆ

ಪ್ರೀತಿಯ ಮಗನಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿ ಎಂದರೆ ಕೇಳುವವನಲ್ಲ ನೀನು. ಸೊಸೆ ಗದರಿಸಿಯಾದರೂ ಕುಡಿಸಲಿ. ಪುಟ್ಟಿಗೆ ಹಲ್ಲು ಬಿತ್ತಂತೆ, ಬೊಚ್ಚುಬಾಯಿಯ ಫೋಟೊ ಕಳಿಸು, ಅಜ್ಜಿ ಮೊಮ್ಮಗಳು ಜೋಡಿಯಾದೆವು. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದು ನನ್ನನ್ನು ಬಿಟ್ಟು ಎಲ್ಲಿಗೆ ಹೋದೀತು. ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಎನ್ನುತ್ತೀಯೇನೋ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವಷ್ಟರಲ್ಲಿ "ಅಮ್ಮಾ, ಸೈಟಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಕಾಗದಕ್ಕೆ ನೀನು ಅಡ್ಡ ಬಾಯಿ ಹಾಕಲಾರೆ.

ವಿಷಯ ಪಕ್ಕದ ಮನೆಯದು, ನೀನೇ ಬಂದು ಸೀಲ್ ಹಾಕಿದ ಮನೆಯದು. ಹೊಲಿಗೆ ಅತ್ತೆಯ ತಾರಸಿ ಬೀಳುವ ಹಾಗಿತ್ತು, ನಾನೇನು ಇಲ್ಲ ಎನ್ನುವುದಿಲ್ಲ. ಗಾರೆ ಉದುರಿ ಮಷಿನ್ನಿನ ಮೇಲೆ ಬೀಳುತ್ತಿತ್ತು, ಅವಳು ಅದನ್ನು ಊದಿ ಮತ್ತೆ ತುಳಿಯುತ್ತಿದ್ದಳು. ರಿಪೇರಿಗೆಂದು ನಗರಸಭೆಯ ಸಹಾಯ ಮಂಜೂರಾಗಿತ್ತು. ನೀನು ಪರಿಶೀಲನೆಗೆ ಬಂದವನು ಇದು ರಿಪೇರಿಗೆ ಮೀರಿದ್ದು ಎಂದೆ. ನಿನ್ನ ಕೆಲಸ ನೀನು ಮಾಡಿದೆ. ಆದರೆ ನಿನ್ನ ಶಾಲೆಯ ಅಂಗಿಗಳನ್ನೆಲ್ಲ ಹೊಲಿದವಳನ್ನು ವ್ಯಾನು ಹತ್ತಿಸುವಾಗ, "ಹೊಸ ಮನೆ ಕೊಡೋ ತನಕ ಆಶ್ರಯ ಕೇಂದ್ರ, ಅತ್ತೆ" ಎಂದು ಬಾಗಿಲಿನ ಕಡೆ ತಿರುಗಿ ಹೇಳಿದೆಯಲ್ಲ, ಮುಖ ಕೊಟ್ಟು ಒಂದು ಮಾತಾಡಲಿಲ್ಲವಲ್ಲ, ಅದು ನನ್ನನ್ನು ಇನ್ನೂ ಕೊರೆಯುತ್ತಿದೆ. ಅವಳ ಚೀಲಕ್ಕೆ ನಿಮ್ಮವರು ಮನೆ ನಂಬರಿನ ಚೀಟಿ ಕಟ್ಟಿದರು. ಆಮೇಲೆ ಒಂದು ದಿನ, ಆ ಚೀಟಿಯ ಚೀಲ ತಲೆದಿಂಬು ಮಾಡಿಕೊಂಡಿದ್ದ ಮುದುಕಿ ನಿದ್ದೆಯಲ್ಲೇ ಹೋದಳು, ಮಣ್ಣೂ ಆಯಿತು ಎಂದು ನಿಮ್ಮ ಆಫೀಸಿನಿಂದ ಸುದ್ದಿ ಬಂತು. ಮುಖ ನೋಡುವ ಭಾಗ್ಯವೂ ನಮಗಿರಲಿಲ್ಲ. ಫೋನಿನಲ್ಲಿ ನೀನು ಮೂಗೆಳೆದುಕೊಂಡದ್ದು ನನಗೆ ಕೇಳಿಸಿತು ಕಣೋ, ಶೀತ ಎಂದು ಸುಳ್ಳು ಹೇಳಿದೆ.

ನಮ್ಮಿಬ್ಬರ ಆಟ ನಿನಗೆ ನೆನಪಿರಬೇಕು. ದೀಪ ಹಾಕುವ ಹೊತ್ತಿಗೆ ಅವಳು ಕತ್ತರಿಯ ಹಿಡಿಯಿಂದ ನಡುಗೋಡೆಗೆ ಎರಡು ಸಲ ಕುಟ್ಟುವುದು: ಇದ್ದೀಯಾ? ನಾನು ಸೌಟಿನಿಂದ ಒಂದು ಸಲ: ಇದ್ದೀನಿ. ಒಂಟಿ ಹೆಂಗಸರಿಬ್ಬರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಬಗೆ ಅದು. ನಿಮಗಿಬ್ಬರಿಗೂ ಮರುಳು ಎಂದು ನೀನು ನಗುತ್ತಿದ್ದೆ.

ಭಾನುವಾರ ಸಂಜೆ ಗೋಡೆ ಎರಡು ಸಲ ಕುಟ್ಟಿತು.

ಅದೇ ಕಬ್ಬಿಣದ ಸದ್ದು. ನನ್ನ ಕೈಯ ಸೌಟು ಜಾರಿ ಬಿತ್ತು. ಸೋಮವಾರ ಮತ್ತೆ, ಮಂಗಳವಾರ ಮತ್ತೆ, ನಿನ್ನೆಯೂ. ನಾನು ಉತ್ತರ ಕೊಟ್ಟಿಲ್ಲ. ಕೊಟ್ಟರೆ ಏನನ್ನು ಒಳಗೆ ಕರೆದ ಹಾಗಾಗುತ್ತದೋ ಎಂದು ಟಿ.ವಿ. ಜೋರು ಮಾಡಿ ಕೂರುತ್ತೇನೆ. ಕಿರಾಣಿ ಅಂಗಡಿಯವನು "ಆ ಮನೇಲಿ ಏನೋ ಇದೆ, ರಾತ್ರಿ ಯಾರೋ ಕೆಮ್ತಾರೆ" ಎಂದು ಬೀದಿಗೆಲ್ಲ ಸಾರಿದ್ದಾನೆ. ಮಕ್ಕಳು ಆ ಬಾಗಿಲು ದಾಟುವಾಗ ಓಡುತ್ತವೆ. ಅವನಿಗೆ ಚೆನ್ನಾಗಿ ಬೈದು ಬಂದೆ, ಬಂದವಳು ನಾನೇ ಲೈಟ್ ಆರಿಸದೆ ಮಲಗಿದೆ. ಹಗಲಿನಲ್ಲಿ ಹೋಗಿ ನೋಡಿದರೆ ನಿನ್ನ ಕೆಂಪು ನೋಟೀಸು, ಬೀಗ, ಅರಗು ಎಲ್ಲ ಇದ್ದ ಹಾಗೇ ಇವೆ, ಬೀಗದ ಮೇಲೆ ಜೇಡ ಬಲೆ ಕಟ್ಟಿದೆ. "ಸೀಲ್ ಒಡೆದಿಲ್ಲ ಅಂದ್ರೆ ಒಳಗೆ ಯಾರೂ ಇಲ್ಲ ಅಂತಲೇ ಲೆಕ್ಕ" ಎಂದು ನೀನೇ ಹೇಳುತ್ತಿದ್ದೆ, ನಿಮ್ಮಲ್ಲಿ ಯಾರೂ ಮತ್ತೆ ಒಳಗೆ ಹೋಗಿ ನೋಡುವುದಿಲ್ಲವಂತೆ. ಬರುವ ಸೋಮವಾರ ಕೆಡವಲು ಮಷಿನ್ ಬರುತ್ತದೆ ಎಂದು ಗೋಡೆಗೆ ಬರೆದು ಹೋಗಿದ್ದಾರೆ. ಅದಕ್ಕೆ ಮುಂಚೆ ಒಂದು ಸಲ ಬಾ ಮಗಾ. ಆ ಹೊಸ್ತಿಲಲ್ಲಿ ನಿಂತು, ಅವತ್ತು ಆಡದೆ ಉಳಿಸಿಕೊಂಡ ಮಾತನ್ನು ಆಡಿಬಿಡು. ಸತ್ತವಳಿಗೂ ನಿನಗೂ ಅಷ್ಟು ಬಾಕಿ ಇದೆ. ಆಮೇಲೆ ನನಗೂ ನಿದ್ದೆ ಬಂದೀತು.

ಸೊಸೆಗೆ ನನ್ನ ನೆನಪು ಹೇಳು, ಪುಟ್ಟಿಯ ಬೊಚ್ಚುಬಾಯಿಗೆ ಒಂದು ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ ಅಮ್ಮ

ಮತ್ತೆ: ಲಕೋಟೆ ಅಂಟಿಸುತ್ತಿದ್ದೆ, ಗೋಡೆ ಕುಟ್ಟಿತು. ಎಷ್ಟು ದಿನ ಹೆದರಲಿ ಎಂದು ಸೌಟು ತೆಗೆದು ಒಂದು ಸಲ ಕುಟ್ಟಿದೆ. ಆಚೆ ಅಳು ಕೇಳಿಸಿತು, ಆಮೇಲೆ ಗೋಡೆಯ ಬಿರುಕಿನಿಂದ ಮಾತು: "ಇಷ್ಟು ದಿನ ಯಾಕೆ ಉತ್ತರ ಕೊಡ್ಲಿಲ್ಲ ಅಕ್ಕಾ? ನೀನು ಹೋಗ್ಬಿಟ್ಟೆ ಅಂದ್ಕೊಂಡೆ." ಅವಳು ಬದುಕಿದ್ದಾಳೆ ಕಣೋ. ಏನೂ ಇಲ್ಲದ ಯಾವುದೋ ಮುದುಕಿಗೆ ತನ್ನ ಚೀಲ ಕೊಟ್ಟು, ಕೇಂದ್ರದಿಂದ ಎದ್ದು ಹೋಗಿ ದರ್ಜಿ ಅಂಗಡಿಯೊಂದರ ಜಗಲಿಯಲ್ಲಿ ಮಲಗುತ್ತಿದ್ದಳಂತೆ. ಕೆಡವುತ್ತಾರೆಂದು ತಿಳಿದು, ಚರಂಡಿ ಓಣಿಯ ಬಚ್ಚಲ ಬಾಗಿಲಿನಿಂದ ಒಳಗೆ ಬಂದಿದ್ದಾಳೆ. ಅದಕ್ಕೆ ನೀವು ಸೀಲ್ ಹಾಕಿಲ್ಲ. "ಈ ಮನೆಯೂ ಹೋದ್ರೆ ನಂಗೊಂದು ಮನೆ ಇತ್ತು ಅಂತ ಯಾರು ನಂಬ್ತಾರೆ" ಎನ್ನುತ್ತಾಳೆ. ಇಲ್ಲಿಗೆ ಬಾ ಎಂದರೆ, ಸೀಲ್ ಹಾಕಿದವನ ಮನೆಗೆ ಬರಲಾರಳಂತೆ. ಅವಳು ಮಾತಾಡುತ್ತಿದ್ದಾಗಲೇ ಒಳಗೆ ಗಾರೆ ಬಿದ್ದ ಸದ್ದು ಕೇಳಿಸಿತು. ನಿನಗೆ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡಿದ್ದಾಳೆ. ಹೇಳಿದ್ದೇನೆ. ಗೊತ್ತಾದರೆ ಇನ್ನು ಜನ್ಮದಲ್ಲಿ ನನಗಾಗಿ ಆ ಗೋಡೆ ಕುಟ್ಟುವವಳಲ್ಲ. ಫೋನ್ ಮಾಡಿದರೆ ಬಿರುಕಿನಿಂದ ಅವಳಿಗೆ ಕೇಳಿಸೀತು, ಅದಕ್ಕೇ ಕಾಗದವನ್ನು ಆಟೋದವನ ಕೈಯಲ್ಲೇ ಕಳಿಸುತ್ತಿದ್ದೇನೆ, ಓದಿದ ಕೂಡಲೇ ಹೊರಡು, ಆಫೀಸಿನವರನ್ನು ಕರೆತರಬೇಡ. ಬಚ್ಚಲ ಬಾಗಿಲಿಗೆ ಎರಡು ಸಲ ಕುಟ್ಟು, ಅವಳು ಉತ್ತರ ಕೊಡುವ ತನಕ ಅಲ್ಲೇ ನಿಂತಿರು.