ಮೂರನೆಯ ತಟ್ಟೆ

ಧಾರವಾಡ
ಫೆಬ್ರವರಿ ೩೦, ೨೧೭೯

ಸಂಶೋಧನಾ ವಿದ್ಯಾರ್ಥಿನಿ ಅನಸೂಯಾ ಕಮ್ಮಾರ ಅವರಿಗೆ, ಶಿವಲೀಲಾ ಹಂಚಿನಮನಿಯ ನಮಸ್ಕಾರ.

ದಿನಾಂಕ ತಪ್ಪಾಗಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ತುದಿಯಲ್ಲಿ ನಿಲ್ಲುತ್ತವೆ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನೀವು ರೈಬೋಸೋಮ್ ಎನ್ನುವುದನ್ನು ನಾವು ಕಟ್ಟುಗ ಎನ್ನುತ್ತೇವೆ, ಜೀವಕೋಶಕ್ಕೆ ಬೇಕಾದ ಪ್ರೋಟೀನನ್ನೆಲ್ಲ ಕಟ್ಟುವುದು ಅದೇ ಆದ್ದರಿಂದ. ನೂರೈವತ್ತು ವರ್ಷಗಳ ಹಿಂದೆ ನೀವು ಕಲಿತ ವಿಭಾಗದಲ್ಲೇ ನಾನೂ ಇಪ್ಪತ್ತೆರಡು ವರ್ಷಗಳಿಂದ ಕಟ್ಟುಗಗಳ ಕೆಲಸ ಮಾಡುತ್ತಿದ್ದೇನೆ.

ನಮ್ಮ ದಿನ ಬೆಳಿಗ್ಗೆ ನಾಲ್ಕಕ್ಕೆ ಶುರುವಾಗುತ್ತದೆ. ಹತ್ತರ ಮೇಲೆ ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಪ್ರಯೋಗಾಲಯ ನೆಲದಡಿಯಲ್ಲಿದೆ, ಪೇಟೆಯೂ ಅಷ್ಟೇ. ಎಲ್ಲರ ಕುತ್ತಿಗೆಗೂ ಬೆವರುಚೀಟಿ ಅಂಟಿರುತ್ತದೆ. ಉಗುರಿನಷ್ಟು ಅಗಲದ ಆ ಚೀಟಿ ಮೈಯಲ್ಲಿ ಜ್ವರ ಹೊಕ್ಕರೆ ಕೆಂಪಾಗುತ್ತದೆ. ಕೆಂಪಾದವರನ್ನು ಬಾಗಿಲಲ್ಲೇ ತಡೆದು ಬೇರೆ ಮನೆಗೆ ಕಳಿಸುತ್ತಾರೆ. ಈ ಚೀಟಿ ಬಂದದ್ದು ಒಣಜ್ವರ ಎಂಬ ಅಂಟುರೋಗದಿಂದ. ನಿಮ್ಮ ಕಾಲದ ಔಷಧಗಳಲ್ಲಿ ಎಷ್ಟೋ ರೋಗಾಣುವಿನ ಕಟ್ಟುಗದ ಸಂದಿಯಲ್ಲಿ ಸಿಕ್ಕಿಕೊಂಡು ಅದರ ಕೆಲಸ ನಿಲ್ಲಿಸುತ್ತಿದ್ದವು. ಒಣಜ್ವರದ ರೋಗಾಣು ಆ ಸಂದಿಯ ಆಕಾರವನ್ನೇ ಬದಲಿಸಿಕೊಂಡಿತು. ಇದ್ದಬದ್ದ ಔಷಧ ಒಂದೂ ನಾಟದಾಯಿತು.

ನನ್ನ ಗುರುಗಳು ದಾವಲಸಾಬ್ ನದಾಫ್. ಒಂಬತ್ತು ವರ್ಷ ಅವರೂ ನಾನೂ ಸೇರಿ, ಹೊಸ ಆಕಾರದ ಸಂದಿಗೂ ಕೂರುವ ಒಂದು ವಸ್ತುವನ್ನು ಮಾಡಿದೆವು. ಅದನ್ನು ಮೂರು ತಟ್ಟೆಗಳಲ್ಲಿ ಪರೀಕ್ಷಿಸಬೇಕಿತ್ತು. ಮೊದಲನೆಯದರಲ್ಲಿ ರೋಗಾಣುವಿನ ಕಟ್ಟುಗ, ಎರಡನೆಯದರಲ್ಲಿ ಮನುಷ್ಯನ ಕಟ್ಟುಗ. ಮೂರನೆಯದು ನಮ್ಮ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ್ದು. ಅದಕ್ಕೆ ತನ್ನದೇ ಪುಟ್ಟ ಕಟ್ಟುಗಗಳಿವೆ, ಅವು ರೋಗಾಣುವಿನ ಕಟ್ಟುಗಗಳ ದೂರದ ನೆಂಟರು ಎಂಬುದು ನಿಮಗೆ ಗೊತ್ತೇ ಇದೆ. ಮೊದಲ ತಟ್ಟೆಯಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಪೂರ್ತಿ ನಿಂತಿತು. ಎರಡನೆಯದರಲ್ಲಿ ಏನೂ ಆಗಲಿಲ್ಲ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಮೂರನೆಯದರಲ್ಲಿ ಆ ಕೆಲಸ ನೂರರಿಂದ ನಲವತ್ತಕ್ಕೆ ಇಳಿದಿತ್ತು.

ಮತ್ತೆ ಮಾಡಿದೆ, ತೊಂಬತ್ತು ಬಂತು. ಮೂರನೆಯ ಸಲ ಮಾಡಲು ಜೀವಕೋಶ ಉಳಿದಿರಲಿಲ್ಲ. ಬೆಳೆಸಲು ಹದಿನೈದು ದಿನ ಬೇಕಿತ್ತು. ಅದೇ ವಾರ ಸರ್ ಅವರ ಬೆವರುಚೀಟಿ ಕೆಂಪಾಯಿತು. ನಾನು ನಲವತ್ತರ ಮೇಲೆ ಗೆರೆ ಎಳೆದು ತೊಂಬತ್ತನ್ನು ಉಳಿಸಿಕೊಂಡೆ.

ಔಷಧವನ್ನು ಮೊದಲು ತಾವೇ ತೆಗೆದುಕೊಳ್ಳುವುದಾಗಿ ಹಟ ಹಿಡಿದವರು ಅವರೇ. ಸೂಜಿ ಚುಚ್ಚುವ ಮೊದಲು ಕೇಳಿದರು:

“ಮೂರನೇದು ಏನಂತು, ಶಿವಲೀಲಾ?”

“ಏನಿಲ್ರಿ ಸರ್. ಮೊದಲನೇ ಸಲ ಅಳತಿ ತಪ್ಪಿತ್ತು. ಮತ್ತ ಮಾಡಿದೆ, ಸರಿ ಬಂತು.”

“ಹಂಗಾದ್ರ ಕೊಡವಾ,” ಎಂದು ತೋಳು ಚಾಚಿದರು.

ಮೂರನೆಯ ದಿನ ಜ್ವರ ಬಿಟ್ಟಿತು. ಎದ್ದು ಕೂತು ರೊಟ್ಟಿ, ಪುಂಡಿಪಲ್ಲೆ ಉಂಡರು. ವೈದ್ಯರು ಇನ್ನೂ ಹನ್ನೊಂದು ರೋಗಿಗಳ ಹೆಸರು ಬರೆದುಕೊಂಡು ಔಷಧಕ್ಕೆ ಕಾದರು. ಎಂಟನೆಯ ದಿನ ಸರ್ ಕೈಯಿಂದ ಲೋಟ ಜಾರಿತು. ಹತ್ತನೆಯ ದಿನ ಕಿವಿ ಕೇಳದಾಯಿತು. ಹೃದಯ ಸೋಲುತ್ತಿದೆ ಎಂದು ವೈದ್ಯರು ಹೇಳಿದಾಗ ಅವರಿಗೆ ಕಾರಣ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಕಿವಿಗೂ ಹೃದಯಕ್ಕೂ ಶಕ್ತಿ ಹೆಚ್ಚು ಬೇಕು. ಮೈಟೊಕಾಂಡ್ರಿಯಾ ಸೊರಗಿದರೆ ಮೊದಲು ಸೊರಗುವುದು ಅಂಥವೇ.

ಬಾಯಲ್ಲಿ ಹೇಳಿದರೆ ಅವರಿಗೆ ಕೇಳುವಂತಿರಲಿಲ್ಲ. ಎಲ್ಲವನ್ನೂ ಕಾಗದದಲ್ಲಿ ಬರೆದು ಅವರ ಕಣ್ಣ ಮುಂದೆ ಹಿಡಿದೆ. ಎರಡು ಸಲ ಓದಿದರು. ತಮ್ಮ ದನಿ ತಮಗೇ ಕೇಳದ್ದರಿಂದ ಕೋಣೆ ತುಂಬುವಂತೆ ಕೂಗಿದರು:

“ನನಗ್ಯಾಕ ತೋರಸ್ತಿ? ಪ್ರಯೋಗದ ವಹಿಯೊಳಗ ಬರಿ! ಆ ಹನ್ನೊಂದು ಮಂದಿಗೆ ಚುಚ್ಚೂಕಿಂತ ಮೊದಲ ಡಾಕ್ಟರಿಗೆ ಹೇಳ ಹೋಗು!”

ಹೋದೆ. ಔಷಧ ನಿಂತಿತು. ಆ ಹನ್ನೊಂದರಲ್ಲಿ ಏಳು ಮಂದಿ ಜ್ವರದಿಂದಲೇ ತೀರಿಕೊಂಡರು. ಔಷಧ ಕೊಟ್ಟಿದ್ದರೆ ಎಷ್ಟು ಮಂದಿ ಬದುಕುತ್ತಿದ್ದರೋ, ಎಷ್ಟು ಮಂದಿ ಸರ್ ಅವರಂತೆ ಹೋಗುತ್ತಿದ್ದರೋ ನನಗೆ ಇಂದಿಗೂ ತಿಳಿಯದು. ಸರ್ ಹತ್ತೊಂಬತ್ತನೆಯ ದಿನ ನಸುಕಿನಲ್ಲಿ ತೀರಿಕೊಂಡರು.

ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ, ವೈದ್ಯರಿಂದ ಎಲ್ಲ ತಿಳಿದುಕೊಂಡಿದ್ದ ಅವರ ಹೆಂಡತಿ ಮಾಬೂಬಿ ನನ್ನನ್ನು ಕರೆಸಿದರು. ಕೂರಿಸಿ, ನೀರು ಕೊಟ್ಟು, ಆಮೇಲೆ ಕೇಳಿದರು:

“ನೀ ಖರೇ ಹೇಳಿದ್ರ ಅವರು ಆ ಔಷಧ ತಗೊಳ್ತಿದ್ದಿಲ್ಲೇನು?”

“ಗೊತ್ತಿಲ್ರಿ ಅಮ್ಮಾರ. ತಗೊಳ್ತಿದ್ರೋ ಏನೋ. ಜ್ವರ ಅಂತೂ ಅವರನ್ನ ಬಿಡ್ತಿದ್ದಿಲ್ಲ.”

“ತಗೊಳ್ಳಲಿ, ಬಿಡಲಿ, ಗೊತ್ತಿದ್ದು ಮಾಡ್ತಿದ್ರು. ನನಗೂ ಗೊತ್ತಿರ್ತಿತ್ತು.” ಖಾಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡರು. “ಜ್ವರ ಬಿಟ್ಟ ದಿನ ನಾ ಓಣಿ ತುಂಬ ಸಕ್ಕರಿ ಹಂಚಿದ್ದೆ, ತಂಗಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸರ್ ಹೇಳಿದಂತೆ ಎಲ್ಲವನ್ನೂ ಬರೆದೆ, ನನ್ನ ಹೆಸರು ಹಾಕಿ ಪ್ರಕಟಿಸಿದೆ. ಎರಡು ವರ್ಷಗಳ ನಂತರ ಬೇರೊಂದು ಊರಿನವರು ಆ ಬರಹ ಓದಿ, ಮೈಟೊಕಾಂಡ್ರಿಯಾವನ್ನು ಮುಟ್ಟದ ಹಾಗೆ ವಸ್ತುವನ್ನು ತಿದ್ದಿದರು. ಈಗ ಒಣಜ್ವರದಿಂದ ಸಾಯುವವರು ಕಡಿಮೆ. ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಹೊಸ ವಿದ್ಯಾರ್ಥಿಗಳಿಗೆ ತಟ್ಟೆ ಓದುವುದನ್ನು ಕಲಿಸುತ್ತೇನೆ.

ಹೋದ ತಿಂಗಳು ವಿಭಾಗದ ಹಳೆಯ ಉಗ್ರಾಣ ಖಾಲಿ ಮಾಡುವಾಗ ನಿಮ್ಮ ಪ್ರಯೋಗದ ವಹಿ ಸಿಕ್ಕಿತು. ನೀವು ಮಣ್ಣಿನಿಂದ ತೆಗೆದ ವಸ್ತು ನಮ್ಮದಕ್ಕೆ ಬಲು ಹತ್ತಿರದ್ದು. ಎಂಬತ್ತೇಳನೆಯ ಪುಟದಲ್ಲಿ ಮೈಟೊಕಾಂಡ್ರಿಯಾದ ಎದುರಿಗೆ ನಲವತ್ತೆರಡು ಎಂದು ಬರೆದು, ಅದರ ಮೇಲೆ ಗೆರೆ ಎಳೆದಿದ್ದೀರಿ. ಕೆಳಗೆ ಒಂದೇ ಸಾಲು: “ಸರಿ ಬರಲಿಲ್ಲ, ಕೈಬಿಟ್ಟಿದೆ.” ಅದು ಎಲ್ಲಿಯೂ ಅಚ್ಚಾಗಲಿಲ್ಲ. ನೂರೈವತ್ತು ವರ್ಷ ಯಾರೂ ಓದಲಿಲ್ಲ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ, ಅಕ್ಕಾ. ಆ ಗೆರೆ ಎಳೆಯುವಾಗ ಕೈ ಎಷ್ಟು ಹಗುರಾಗಿರುತ್ತದೆ ಎಂಬುದನ್ನು ನಾನು ಬಲ್ಲೆ. ಈ ಕಾಗದ ನಿಮ್ಮನ್ನು ಮುಟ್ಟುವ ದಾರಿ ಇಲ್ಲವೆಂಬುದನ್ನೂ ಬಲ್ಲೆ. ಆದರೂ ಕೇಳುತ್ತೇನೆ. ಆ ಪುಟಕ್ಕೆ ಬಂದಾಗ ನಲವತ್ತೆರಡನ್ನು ಹಾಗೆಯೇ ಬಿಡಿ. ಏನು ಹಾಕಿದಿರಿ, ಎಷ್ಟು ಹೊತ್ತು ಇಟ್ಟಿರಿ, ಏನು ಕಂಡಿರಿ, ಎಲ್ಲವನ್ನೂ ಬರೆಯಿರಿ.

ಪುಟದ ಕೆಳಗೆ ಅರ್ಧದಷ್ಟು ಜಾಗ ಖಾಲಿ ಉಳಿದಿದೆ. ನಾನು ನೋಡಿದ್ದೇನೆ.

ನಿಮ್ಮ
ಶಿವಲೀಲಾ